ಬೀಗರು ಬಂದಾಗ ತೇಲಿದ ನೆಲ

ಜಗಳೂರಿನಲ್ಲಿ ನನ್ನಷ್ಟು ಮುಂದಾಲೋಚನೆಯ ಗಂಡಿನ ಅಪ್ಪ ಇನ್ನೊಬ್ಬನಿಲ್ಲ ಎಂದು ಆ ದಿನ ಬಾಗಿಲು ತಳ್ಳುವವರೆಗೂ ನಂಬಿದ್ದೆ. ಹೊನ್ನಾಳಿಯ ಹುಡುಗಿಯನ್ನು ಮಗ ಒಪ್ಪಿದ್ದ, ಅವಳೂ ಒಪ್ಪಿದ್ದಳು. ಅವರ ಕಡೆಯವರು ಮನೆ ನೋಡಿ ಹೂಂ ಅನ್ನುವುದಷ್ಟೇ ಬಾಕಿ. ಆದರೆ ಹೊಳೆ ದಂಡೆಯ ಜನ! "ನೀರಿಲ್ಲದ ಊರಿಗೆ ಹೆಣ್ಣು ಕೊಡೋದು ಹೆಂಗೆ?" ಎಂದು ಹುಡುಗಿಯ ಅಜ್ಜಿ ತಕರಾರು ತೆಗೆದಿದ್ದರಂತೆ.

ಮನೆಯ ಅಂದ ಕಂಡು ಅಜ್ಜಿ ನೀರನ್ನೇ ಮರೆಯಬೇಕು ಎಂದುಕೊಂಡೆ. ನಡುಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಮರದ ಹಲಗೆ ಹಾಕಿಸಿದೆ.

"ರೀ, ಅದು ಮರ ಅಲ್ಲ, ರಟ್ಟು. ನೀರು ಬಿದ್ರೆ ಉಬ್ಬುತೈತೆ," ಎಂದಳು ಹೆಂಡತಿ.

"ಜಗಳೂರಾಗೆ ನೀರು ಎಲ್ಲೈತೆ ಬೀಳಾಕೆ?" ಎಂದೆ.

ನೀರು ಯಾವಾಗ ಬಿಡುತ್ತಾರೋ ಗೊತ್ತಿಲ್ಲದ್ದರಿಂದ ನಾವು ನಲ್ಲಿ ಸದಾ ತೆರೆದಿಟ್ಟು, ಪೈಪನ್ನು ನಡುಮನೆಯ ಮೂಲೆಯ ಡ್ರಮ್ಮಿಗೆ ಬಿಟ್ಟಿರುತ್ತೇವೆ. ಡ್ರಮ್ಮು ಕಂಡರೆ ಊರಿನ ಮಾನ ಹೋಗುತ್ತದೆಂದು ಅದನ್ನು ಹಿತ್ತಿಲಿಗೆ ಸಾಗಿಸಿದೆ. ನಲ್ಲಿ ಮುಚ್ಚುವುದನ್ನು ಮರೆತೆ!

ನಾನೂ ಮಗನೂ ಬೀಗರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದೆವು. ಹೆಂಡತಿ ಪಕ್ಕದ ಮನೆಗೆ ಕುರ್ಚಿ ತರಲು ಹೋಗಿ ಮಾತಿಗೆ ನಿಂತಳು. ವಾರದಿಂದ ಮುಖ ತೋರಿಸದ ನೀರು ಆಗಲೇ ಬಂತು.

ಬಾಗಿಲು ತಳ್ಳಿದರೆ ಮನೆಯೆಲ್ಲ ಕೆರೆ! ಅಡುಗೆಮನೆಯ ಕಡಪ ಕಲ್ಲು ಏನೂ ಆಗಿಲ್ಲವೆಂಬಂತೆ ಮಿಂಚುತ್ತಿತ್ತು. ಕೋಣೆಯ ಪ್ಲಾಸ್ಟಿಕ್ ಹಾಸು ತೇಲಿಕೊಂಡು ಮಂಚದಡಿ ಸೇರಿತ್ತು. ನನ್ನ ಹಲಗೆಗಳು ಮಾತ್ರ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಉಬ್ಬಿದ್ದವು. ಬೀಗರು ಒಂದು ತುದಿ ತುಳಿದರು. ಇನ್ನೊಂದು ತುದಿಯಲ್ಲಿ ಟೀಪಾಯಿ ಎದ್ದು ಅವರಿಗೆ ನಮಸ್ಕರಿಸಿತು!

"ಹುಷಾರು ರೀ, ಇದು... ಹೊಸ ನಮೂನೆ," ಎಂದೆ. ನಾಚಿಕೆಯಿಂದ ಸತ್ತೇ ಹೋದೆ. ಸಂಬಂಧ ಮುರಿಯಿತೆಂದು ಮಗನ ಮುಖ ನೋಡುವ ಧೈರ್ಯವೂ ಬರಲಿಲ್ಲ.

ಅಜ್ಜಿ ಸೀರೆ ಎತ್ತಿ ಹಿಡಿದು ಒಳಗಿಳಿದರು. ಎದ್ದ ಹಲಗೆಯಡಿ ಇಣುಕಿ, "ಅಯ್ಯೋ, ಇಂಥಾ ಚಂದದ ಕೆಂಪು ನೆಲ ಮುಚ್ಚಿ ರಟ್ಟು ಹಾಕ್ಯಾರಲ್ಲೋ!" ಎಂದರು. ಆಮೇಲೆ ಪೈಪಿನತ್ತ ನೋಡಿದರು. ಅದು ಇನ್ನೂ ಭೋರೆಂದು ಸುರಿಯುತ್ತಿತ್ತು. ನಿಲ್ಲಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ!

ಅಜ್ಜಿ ಹುಡುಗಿಯ ಅಪ್ಪನತ್ತ ತಿರುಗಿ, "ಹೆಣ್ಣು ಕೊಡಪ್ಪ. ನೀರಂತೂ ಬೇಕಾದಷ್ಟು ಐತೆ. ಬುದ್ಧಿ ನಮ್ಮ ಹುಡುಗಿ ತಗಂಡು ಬರ್ತಾಳೆ ಬಿಡು!" ಎಂದರು.

ಎಲ್ಲರೂ ನಕ್ಕರು. ಕುರ್ಚಿ ಹೊತ್ತು ಬಾಗಿಲಿಗೆ ಬಂದಿದ್ದ ನನ್ನ ಹೆಂಡತಿ ಮಾತ್ರ ನಗಲಿಲ್ಲ. ಕೈಮುಗಿಯುವಷ್ಟು ವಿನಯದಿಂದ ಹೇಳಿದಳು:

"ಜಲ್ದಿ ಕಳಿಸ್ರಿ ಅಜ್ಜಿ. ಇವರನ್ನ ಸಂಭಾಳಿಸಾಕೆ ನನ್ನೊಬ್ಬಳ ಕೈಲಿ ಆಗ್ತಿಲ್ಲ!"