ಬೀಡಿ ಬಿಟ್ಟ ಶಾಂತರಾಜು

ಸಾಲಗಾಮೆಯ ಗಾರೆ ಮೇಸ್ತ್ರಿ ಶಾಂತರಾಜು ಹೆಂಡತಿ ಮಗಳಿಂದ ದೂರವಾದದ್ದು ಬೀಡಿಯಿಂದ. ಮಗಳು ಸಂಘಮಿತ್ರಾಗೆ ಉಬ್ಬಸ. ಕೆಮ್ಮು ಹತ್ತಿದರೆ ಎದೆಯೊಳಗೆ ಯಾರೋ ಪೀಪಿ ಊದಿದ ಹಾಗೆ ಸುಯ್ ಅನ್ನುತ್ತಿತ್ತು. ಹೊಗೆ ತಾಗಿಸಬೇಡಿ ಎಂದು ಡಾಕ್ಟರು ಬಡಕೊಂಡರೂ ಈ ಪುಣ್ಯಾತ್ಮ ಹಿತ್ತಿಲಲ್ಲಿ ಸೇದಿ ಬಂದು ಅದೇ ಬಾಯಲ್ಲಿ ಮಗಳಿಗೆ ಮುತ್ತು ಕೊಡುತ್ತಿದ್ದ. ಕೊನೆಗೆ ಹೆಂಡತಿ ಕವನಾ, "ಇವಳ ಎದೆ ಶಾಂತವಾಗೋಗಂಟ ನಾನು ಈ ಮನೆಗೆ ಬರಕಿಲ್ಲ" ಎಂದು ಮಗಳ ಜೊತೆ ಅರಕಲಗೂಡಿನ ತವರಿಗೆ ಹೊರಟುಬಿಟ್ಟಳು.

ಶಾಂತರಾಜು ಅವತ್ತೇ ಬೀಡಿ ಬಿಟ್ಟ. ಬೀಡಿಯಿಲ್ಲದೆ ಬದುಕಬಹುದು, ಆದರೆ ರಾತ್ರಿ ಪಕ್ಕದಲ್ಲಿ ಪುಟ್ಟ ಕಾಲೊಂದು ಹೊಟ್ಟೆಗೆ ಒದೆಯದೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮಗಳು ಫೋನನ್ನು ಎದೆಗಿಟ್ಟುಕೊಂಡು, "ಕೇಳ್ಸ್ತಾ ಅಪ್ಪ, ಈಗ ಸುಯ್ ಅನ್ನಲ್ಲ" ಅನ್ನುವಳು. ಅವನಿಗೆ ಏನೂ ಕೇಳಿಸುತ್ತಿರಲಿಲ್ಲ, ಆದರೂ ಕಟ್ ಮಾಡಲು ಮನಸ್ಸು ಬರುತ್ತಿರಲಿಲ್ಲ.

ಇವತ್ತು ಹಾಸನದಲ್ಲಿ ಮಕ್ಕಳ ಡಾಕ್ಟರು ನೀಲಾಂಬಿಕೆಯವರ ಹತ್ತಿರ ತಪಾಸಣೆ. ಎದೆ ಚೊಕ್ಕಟವಾಗಿದೆ ಎಂದರೆ ತಾಯಿ ಮಗಳು ನೇರ ಊರಿಗೆ ಬರುವುದೆಂದು ಮಾತಾಗಿತ್ತು. ಶಾಂತರಾಜು ಗೋಡೆ ಉಜ್ಜುವ ಹಾಗೆ ಮೈ ಉಜ್ಜಿಕೊಂಡು, ಒಗೆದ ಅಂಗಿ ಹಾಕಿ ಬಸ್ಸಿಗೆ ನಿಂತ. ಬಸ್ಸು ಕೈಕೊಟ್ಟಿತು. ಎದುರುಮನೆಯ ಗುಂಡಯ್ಯ ಮೊಪೆಡ್ ನಿಲ್ಲಿಸಿ, ತಾನೂ ಮಗು ನೋಡಲು ಬರುತ್ತೇನೆಂದು ಹತ್ತಿಸಿಕೊಂಡ. ಗುಂಡಯ್ಯನ ತುಟಿಯಲ್ಲಿ ಬೀಡಿ. ಮೊಪೆಡ್ ಮುಂದೆ ಹೋದಂತೆಲ್ಲ ಹೊಗೆ ಹಿಂದೆ ಬಂದು ಒಗೆದ ಅಂಗಿಯಲ್ಲಿ ಕೂತಿತು. ಆರಿಸು ಎಂದು ಬೇಡಿಕೊಂಡರೆ, ಅರ್ಧ ಸೇದಿದ್ದನ್ನು ಎಸೆಯಬಾರದು ಎಂದು ಗುಂಡಯ್ಯ ಹಾಸನದವರೆಗೂ ಬುದ್ಧಿ ಹೇಳಿದ.

ಆಸ್ಪತ್ರೆ ಬಾಗಿಲಲ್ಲಿ ಮಗಳು ಓಡಿ ಬಂದಳು. ಕವನಾ ಅವಳನ್ನು ನಡುದಾರಿಯಲ್ಲೇ ಹಿಡಿದು ಗಂಡನ ಕಡೆ ಮೂಗು ಚಾಚಿದಳು. ಬೀಡಿ ವಾಸನೆಗೆ ಕವನಾಳ ಮುಖ ಬಾಡಿತು; ಶಾಂತರಾಜು ಅಂಗಿ ಕೊಡವಿಕೊಂಡ. ಗುಂಡಯ್ಯ ಸಾಕ್ಷಿ ನುಡಿಯಲು ಮುಂದಾದ.

"ಇವ ಸೇದಿಲ್ಲ ಕಣವ್ವ. ವಾರದಿಂದ ನಾನೇ ಕೊಡಾಕೋಯ್ತಿವ್ನಿ, ಮೂಸಿ ನೋಡಿ ವಾಪಸ್ ಕೊಡ್ತಾನೆ."

ಮೂಸಿದ್ದು ಯಾಕೆ ಎಂದು ಕವನಾ ಗಂಡನನ್ನು ಕೇಳಿದಳು. ಅಷ್ಟರಲ್ಲಿ ನರ್ಸು ಹೆಸರು ಕೂಗಿದಳು.

ಡಾಕ್ಟರು ಮಗುವಿನ ಎದೆಗೂ ಬೆನ್ನಿಗೂ ಸ್ಟೆತಸ್ಕೋಪ್ ಇಟ್ಟು ಕೇಳಿ, ಚೆನ್ನಾಗಿದೆ ಅಂದರು. ಉಬ್ಬಸಕ್ಕೆ ಬಾಯಿಗಿಟ್ಟು ಎಳೆಯುವ ಪಂಪು ಅಭ್ಯಾಸವಾಗಿ ಬಿಡುವುದೇ ಇಲ್ಲವಂತೆ ಎಂದು ಗುಂಡಯ್ಯ ಬಾಗಿಲಿಂದಲೇ ತಕರಾರು ತೆಗೆದ. ಅದು ಚಟವಲ್ಲ, ಔಷಧ ಎಂದರು ಡಾಕ್ಟರು. ತಾವು ಹೇಳುವವರೆಗೆ ನಿಲ್ಲಿಸಬಾರದು, ದಿನದ ಪಂಪು ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು ಎಂದು ಅವರು ತಿಳಿಸಿದರು. ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋದರೆ, ಮಾತಾಡಲು ಉಸಿರು ಸಾಲದಿದ್ದರೆ, ತುಟಿ ನೀಲಿಗಟ್ಟಿದರೆ ಕಾಯದೆ ಆಸ್ಪತ್ರೆಗೆ ತರಬೇಕು ಅಂದರು. ಶಾಂತರಾಜು ಪಾಠ ಒಪ್ಪಿಸುವವನಂತೆ ಅದನ್ನೆಲ್ಲ ತಿರುಗಿ ಹೇಳಿದ.

"ಮನೆಗೆ ಕರ್ಕೊಂಡು ಹೋಗಿ. ಆದ್ರೆ ಹೊಗೆ ಮಾತ್ರ ಇರಕೂಡದು."

ಕವನಾ ಗಂಡನನ್ನು ನೋಡಿದಳು. ಬೀಡಿ ಬಿಟ್ಟು ಸೊರಗಿದ್ದನೋ, ತಾನಿಲ್ಲದೆ ಸೊರಗಿದ್ದನೋ, ಅಂತೂ ಅವಳ ಮನಸ್ಸು ಕರಗಿತು. ಹೊಗೆ ಕೂತ ಅಂಗಿ ಬಿಚ್ಚಿಸಿ ಚೀಲಕ್ಕೆ ತುರುಕಿ, ಗುಂಡಯ್ಯನ ಮೊಪೆಡ್ ಬೇಡ, ಆಟೋದಲ್ಲಿ ಹೋಗೋಣ ಅಂದಳು.

ಆಟೋ ಹತ್ತಿದ ಶಾಂತರಾಜು ಮನೆಯಲ್ಲಿದ್ದ ಅವ್ವ ಮಾರಮ್ಮನಿಗೆ ಫೋನು ಹಚ್ಚಿ, ಮಗು ಬರುತ್ತಿದೆ, ಮನೆಯಲ್ಲಿ ಹೊಗೆಯ ಸುಳಿವೂ ಇರಬಾರದು ಎಂದು ಕೂಗಿ ಹೇಳಿದ. ಸೌದೆ ಒಲೆ ಆರಿಸಿಬಿಟ್ಟೆ, ಸೊಳ್ಳೆಬತ್ತಿ ತಿಪ್ಪೆಗೆ ಎಸೆದೆ, ಜಗಲಿಯಲ್ಲಿ ಬೀಡಿ ಹಚ್ಚಿದವರನ್ನೆಲ್ಲ ಪೊರಕೆ ಹಿಡಿದು ಓಡಿಸಿದೆ ಎಂದು ಮಾರಮ್ಮ ದಾರಿಯುದ್ದಕ್ಕೂ ವರದಿ ಒಪ್ಪಿಸಿದಳು. ಮಗಳು ಅವನ ತೋಳಿಗೆ ಒರಗಿ ನಿದ್ದೆ ಹೋಗಿದ್ದಳು. ಅವನು ಬಗ್ಗಿ ಅವಳ ಎದೆಗೆ ಕಿವಿಯಿಟ್ಟ. ಒಳಗೆ ಸುಯ್ ಅನ್ನುವ ಸದ್ದಿಲ್ಲ. ಇಷ್ಟು ಸುಖ ತನಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ ಅನ್ನಿಸಿ ಅವನ ಕಣ್ಣು ತುಂಬಿತು.

ಆಟೋ ನಿಂತಿತು, ಶಾಂತರಾಜು ಮೊದಲು ಇಳಿದ. ಮನೆ ಕಾಣಲಿಲ್ಲ. ಬಾಗಿಲು, ಕಿಟಕಿ, ಹೆಂಚಿನ ಸಂದಿ, ಎಲ್ಲ ಕಡೆಯಿಂದ ಬೆಳ್ಳಗೆ ಮೋಡ ಹೊರಡುತ್ತಿತ್ತು. ಅದರೊಳಗಿಂದ ಮಾರಮ್ಮ ಕೆಂಡದ ಬಟ್ಟಲು ಹಿಡಿದು, ಸಾಂಬ್ರಾಣಿ ಉದುರಿಸುತ್ತಾ, ನಗುನಗುತ್ತಾ ಬಂದಳು.

"ಅವ್ವ, ಹೊಗೆ ಬ್ಯಾಡ ಅಂದಿದ್ನಲ್ಲವ್ವ."

"ಇದೆಲ್ಲಿ ಹೊಗೆ ಕಣ್ಲಾ? ಧೂಪ. ನಿನ್ ಬೀಡಿ ವಾಸ್ನೆ ಓಗ್ಲಿ ಅಂತ ಮೂಲೆಮೂಲೆಗೂ ಆಕಿವ್ನಿ."

ಸಂಘಮಿತ್ರಾ ಎದ್ದಳು, ಕೆಮ್ಮಿದಳು, ಇನ್ನೊಮ್ಮೆ ಕೆಮ್ಮಿದಳು. ಸುಯ್ ಅಂದಿತು. ಕವನಾ ಗಡಿಬಿಡಿಯಲ್ಲಿ ಪಂಪು ತೆಗೆದು ಮಗಳಿಗೆ ಕೊಡುತ್ತಾ, ಆಟೋ ತಿರುಗಿಸಪ್ಪಾ ಅಂದಳು. ಅತ್ತೆಯನ್ನು ಬೈಯಲಿಲ್ಲ, ಗಂಡನನ್ನೂ ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ನೋಯಿತು. ಊರಾಚೆ ಗಾಳಿಗೆ ಮಗುವಿನ ಉಸಿರು ಹದಕ್ಕೆ ಬಂತೆಂದೂ, ಅರಕಲಗೂಡಿನ ಬಸ್ಸು ಹತ್ತುತ್ತಿದ್ದೇವೆಂದೂ, ಮನೆಯ ವಾಸನೆ ಪೂರ್ತಿ ಹೋದ ಮೇಲೆ ತಿಳಿಸಿದರೆ ನೋಡೋಣವೆಂದೂ ಆಮೇಲೆ ಫೋನಿನಲ್ಲಿ ಹೇಳಿದಳು.

ಶಾಂತರಾಜು ಜಗಲಿಯಲ್ಲಿ ತಲೆ ಹಿಡಿದು ಕೂತ. ಮೊಪೆಡ್‌ನಲ್ಲಿ ವಾಪಸಾಗಿದ್ದ ಗುಂಡಯ್ಯ ಹಿತ್ತಿಲಿಗೆ ಹೋದ. ಮಾರಮ್ಮನಿಗೂ ಅಳು ಬಂದಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಗನ ಹತ್ತಿರ ಬಂದಳು.

"ಅಳಬ್ಯಾಡ ಕಣ್ಲಾ ಮಗ. ಈ ವಾಸ್ನೆ ಓಗಾಕೆ ಬೇವಿನ ಸೊಪ್ಪು ಸುಡ್ತಾವ್ನೆ ಗುಂಡಯ್ಯ. ಒಳೀಕೆ ತರಕ್ಕೇಳ್ಲಾ?"