ತಿಪ್ಪೆಗೆ ಹೆಪ್ಪು ಬೇಡುವ ಬಗ್ಗೆ

ಇಂದ:
ಗದಿಗೆಪ್ಪ ಚ. ಮುದಕವಿ, ಗುಮಾಸ್ತ,
ನೆಲಮಹಡಿ (ನಲ್ಲಿಯ ಪಕ್ಕದ ಮನೆ), ಸಾಂತಾಕ್ರೂಜ್, ಮುಂಬಯಿ

ಗೆ:
ಮಾನ್ಯ ಸೂಪರಿಂಟೆಂಡೆಂಟರು,
ಹಳೆಯ ಫೈಲುಗಳ ಕೋಣೆ (ನೆಲಮಾಳಿಗೆ), ನಮ್ಮ ಆಫೀಸು, ಫೋರ್ಟ್

ದಿನಾಂಕ: ೨೨ ಏಪ್ರಿಲ್ ೧೯೭೪

ವಿಷಯ: ಮನೆಯ ಕಸ ಬೇಗ ಕೊಳೆತು ಗೊಬ್ಬರವಾಗಲು ತಮ್ಮ ಕೋಣೆಯ ನೆರವು ಕೋರಿ.

ಉಲ್ಲೇಖ: ಧಾರವಾಡ ಶಾಖೆಗೆ ವರ್ಗ ಕೋರಿ ೧೯೬೮ರಲ್ಲಿ ಸಲ್ಲಿಸಿದ ನನ್ನ ಅರ್ಜಿ. ಉತ್ತರ: ಇಲ್ಲ.

ಮಾನ್ಯರೇ,

ಮೇಲ್ಕಂಡ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದಿದ್ದೆ, ಯಾರೂ ಓದಲಿಲ್ಲ. ಓದದೆ ಇಡಲು ಕನ್ನಡವೂ ಸಾಕಾಗುವ ಕಾರಣ, ಇದನ್ನು ಕನ್ನಡದಲ್ಲಿಯೇ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

೧. ನನ್ನ ಹೆಂಡತಿ ರುದ್ರವ್ವ ವಿಜಾಪುರದ ಕಡೆಯವಳು. ವರ್ಗ ಇಂದು ಬಂದೀತು, ನಾಳೆ ಬಂದೀತು ಎಂದು ಬಹಳ ಕಾಲ ಟ್ರಂಕು ಬಿಚ್ಚಿರಲಿಲ್ಲ. ಬಾರದ್ದರಿಂದ, ತವರಿನ ಪುಂಡಿಪಲ್ಲೆ ಎಂಬ ಹುಳಿಸೊಪ್ಪಿನ ಬೀಜ ಸೆರಗಿನಲ್ಲಿ ಗಂಟು ಹಾಕಿ ತಂದು ಬಿಲ್ಡಿಂಗಿನ ಹಿಂದೆ ಬಿತ್ತಿದಳು. "ನಾವು ಊರಿಗೆ ಹೋಗೂದು ಆಗಂಗಿಲ್ಲ ಅಂದ್ರ, ಊರರೆ ಇಲ್ಲಿಗೆ ಬರ್ಲಿ" ಎಂದಳು.

೨. ಅಲ್ಲಿನ ನೆಲವೆಲ್ಲ ಇಟ್ಟಿಗೆಚೂರು, ಸುಣ್ಣ. ಪುಂಡಿ ಹಳದಿಯಾಗಿ ಕೂತಿತು. ಗೊಬ್ಬರ ಬೇಕಾದ ಕಾರಣ ಗುಂಡಿ ತೋಡಿ, ಅಡುಗೆಮನೆಯ ಕಸವನ್ನು ನಮ್ಮ ಆಫೀಸಿನ ಪದ್ಧತಿಯಂತೆ ಇಟ್ಟೆ. ಬಂದದ್ದನ್ನು ಬಂದ ಹಾಗೆ ಒಂದರ ಮೇಲೊಂದು ಒಟ್ಟಿ, ಕಲ್ಲು ಹೇರಿ, ಯಾರೂ ಮುಟ್ಟಕೂಡದೆಂದು ತಾಕೀತು ಮಾಡಿದೆ. ದೀಪಾವಳಿಗೆ ಇಟ್ಟದ್ದನ್ನು ಹೋಳಿ ಹಬ್ಬಕ್ಕೆ ತೆಗೆದರೆ ದಂಟು ದಂಟಾಗಿಯೇ ಇತ್ತು, ನಾರು ನಾರಾಗಿಯೇ ಇತ್ತು.

೩. ರುದ್ರವ್ವ ಹಣೆ ಬಡಿದುಕೊಂಡಳು. "ಅಲ್ರೀ, ತಿಪ್ಪಿ ಅಂದ್ರ ನಿಮ್ಮ ಫೈಲೇನು? ಸಣ್ಣಗ ಹೆಚ್ಚಿ ಹಾಕ್ರಿ, ನೀರು ಚಿಮುಕಸ್ರಿ, ವಾರಕ್ಕೊಮ್ಮೆ ಮ್ಯಾಲಿಂದು ಕೆಳಗ ಮಾಡ್ರಿ. ಅದಕ್ಕೂ ಗಾಳಿ ಬೇಕ್ರಿ." ಇಷ್ಟು ವರ್ಷದ ಸರ್ವಿಸಿನಲ್ಲಿ, ಇಟ್ಟದ್ದನ್ನು ತಿರುವಿ ನೋಡು ಎಂದು ಯಾವ ಮೇಲಧಿಕಾರಿಯೂ ನನಗೆ ಹೇಳಿಲ್ಲ. ಆದ್ದರಿಂದ ತಪ್ಪು ನನ್ನದಲ್ಲ, ತರಬೇತಿಯದು.

೪. ಈಗ ತಿರುವುತ್ತಿದ್ದೇನೆ. ತಿರುವಿದಾಗ ನಾತ ಮೂರನೇ ಮಹಡಿಗೆ ಏರುತ್ತದೆ. ಅಲ್ಲಿರುವವರು ಸೊಸೈಟಿಯ ಸೆಕ್ರೆಟರಿ. "ಹೇ ಖತ್ ಆಹೇ ಕೀ ಕಚರಾ?" ಎಂದು ಇಳಿದು ಬಂದರು. ಗೊಬ್ಬರವೋ ಕಸವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ ಎಂದೆ. ಮಳೆಗಾಲದೊಳಗೆ ಗೊಬ್ಬರ ಆಗದಿದ್ದರೆ ಗುಂಡಿ ಮುಚ್ಚಿ, ಪುಂಡಿ ಕಿತ್ತು, ಅಲ್ಲಿ ಸ್ಕೂಟರ್ ನಿಲ್ಲಿಸುವುದಾಗಿ ನೋಟೀಸು ಕೊಟ್ಟಿದ್ದಾರೆ. ರುದ್ರವ್ವ ಟ್ರಂಕಿನ ಧೂಳು ಒರೆಸಿದಳು. ನನಗೆ ಹೆದರಿಕೆಯಾಗಿದೆ.

೫. ಬೇಗ ಆಗುವ ದಾರಿ ಇದೆಯೇ ಎಂದು ಅವಳನ್ನೇ ಕೇಳಿದೆ. "ಪೂರಾ ಕೊಳತದ್ದು ಒಂದ್ ಬೊಗಸಿ ತಂದು ಕಲಸ್ರಿ. ಹಾಲಿಗೆ ಹೆಪ್ಪು ಹಾಕಿದಂಗ, ಉಳಿದದ್ದೂ ಲಗೂನ ಆಕೈತಿ" ಎಂದಳು. ಪೂರಾ ಕೊಳೆತದ್ದು ಈ ಊರಿನಲ್ಲಿ ಎಲ್ಲಿ ಸಿಕ್ಕೀತೆಂದು ಯೋಚಿಸಿದಾಗ ತಮ್ಮ ಕೋಣೆ ನೆನಪಾಯಿತು. ಅಲ್ಲಿ ಗೋಡೆ ಸೋರುತ್ತದೆ, ಕಿಟಕಿಯಿಲ್ಲ, ಒಳಗೆ ಹೋದದ್ದು ಹೊರಬಂದ ದಾಖಲೆಯಿಲ್ಲ. ಗಾಳಿಯಿಲ್ಲದೆ, ಯಾರೂ ತಿರುವದೆ, ಅಲ್ಲಿ ಎಲ್ಲವೂ ಮಣ್ಣಾಗುವ ಗುಟ್ಟು ತಮಗೇ ಗೊತ್ತು.

ಆದ್ದರಿಂದ, ೧೯೬೮ರ ನನ್ನ ವರ್ಗದ ಅರ್ಜಿ ಈ ವೇಳೆಗೆ ಒಳ್ಳೆಯ ಗೊಬ್ಬರವಾಗಿರಬೇಕಾದ ಕಾರಣ, ಅದರಲ್ಲಿ ಒಂದು ಬೊಗಸೆಯನ್ನು ನನಗೆ ಬಿಟ್ಟುಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ (ಇನ್ನೂ),
ಗದಿಗೆಪ್ಪ

ಅಡಕ:
೧. ಸೆಕ್ರೆಟರಿಯವರ ನೋಟೀಸು.
೨. ಪುಂಡಿಯ ಎಲೆ ಒಂದು, ಹಳದಿ.
೩. ಗೊಬ್ಬರ ತುಂಬಲು ಖಾಲಿ ಚೀಲ.

ವಿ.ಸೂ.: ಅರ್ಜಿ ಒಂದು ವೇಳೆ ಇನ್ನೂ ಕೊಳೆಯದೆ ಉಳಿದಿದ್ದರೆ, ದಯವಿಟ್ಟು ಅದನ್ನು ಮಂಜೂರು ಮಾಡಿ.