ಇಪ್ಪತ್ತಕ್ಕೆ ಸೊನ್ನೆ

ದಿನವಿಡೀ ಅಂಗಿಗಳಿಗೆ ಕಾಜಾ ಹಾಕುವ ಆ ಹೆಂಗಸು ತನ್ನ ಬಾಯಿಗೂ ಒಂದು ಗುಂಡಿ ಹಾಕಿಕೊಂಡಿದ್ದರೆ ನಮ್ಮ ಟೈಲರಿಗೆ ಈ ಗತಿ ಬರುತ್ತಿರಲಿಲ್ಲ. ಆದರೆ ಹೊಲಿಗೆ ಅಂಗಡಿಯವರೆಲ್ಲ ಕಾಜಾ ಅಕ್ಕ ಎಂದು ಕರೆಯುವ ಆಕೆಯ ಹೊಟ್ಟೆಯಲ್ಲಿ ಮಾತು ನಿಂತ ದಿನವೇ ಇಲ್ಲ.

ವಿಷಯ ಇಷ್ಟು. ಹೆತ್ತವರ ಆಸರೆ ತಪ್ಪಿದ ಮಕ್ಕಳನ್ನು ಮಕ್ಕಳ ಇಲಾಖೆಯವರು ಸಾಕುಮನೆಗಳಲ್ಲಿ ಇರಿಸುತ್ತಾರೆ. ಮನೆ ಬದಲಿಸಿ ಬದಲಿಸಿ ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುವವರು ಬೇಕೆಂದು ಇಲಾಖೆ ಬೋರ್ಡು ಹಾಕಿತ್ತು. ಮನೆಯಲ್ಲಿ ಮಾತಾಡಿಸಲು ಒಂದು ನರಪಿಳ್ಳೆಯೂ ಇಲ್ಲದ ಟೈಲರು ಹೋಗಿ ಹೆಸರು ಬರೆಸಿದ. ಸಿಕ್ಕಿದ್ದು ಹನ್ನೊಂದು ವರ್ಷದ ಹುಡುಗಿ, ಮೂರು ವರ್ಷದಲ್ಲಿ ನಾಲ್ಕು ಮನೆ ಕಂಡವಳು. ಶಾಲೆಯಲ್ಲಿ ತನಗಿಂತ ಎರಡು ವರ್ಷ ಚಿಕ್ಕವರ ಜೊತೆ, ಮೊಣಕಾಲು ತೂರದ ಬೆಂಚಿನಲ್ಲಿ ಕೂರುತ್ತಿದ್ದಳು. ಮೊದಲ ತಿಂಗಳು ಅವಳು ತುಟಿ ಬಿಚ್ಚಲಿಲ್ಲ. ಟೈಲರು ಬಟ್ಟೆಯ ತುಂಡು ಮಡಚಿ ಅರ್ಧ, ಕಾಲು, ಅರೆಕಾಲು ತೋರಿಸುತ್ತ ಹೋದ. ಒಂದು ದಿನ ಅವಳು "ಮಾಮ" ಅಂದಳು. ಆ ಖುಷಿಯಲ್ಲಿ ಟೈಲರು ಮಾರನೆಯ ದಿನ ಒಂದು ಪ್ಯಾಂಟಿಗೆ ಎರಡೂ ಎಡಗಾಲೇ ಹೊಲಿದ.

ಇವತ್ತು ಅವಳಿಗೆ ಇಲಾಖೆಯ ಪರೀಕ್ಷೆ. ಇಪ್ಪತ್ತಕ್ಕೆ ಹನ್ನೆರಡು ಬಂದರೆ ತನ್ನ ವಾರಿಗೆಯ ಮಕ್ಕಳ ಜೊತೆ ಕೂರಬಹುದು. ಆದರೆ ಪಾಸಾದ ಮಗುವಿಗೆ ಪಾಠ ನಿಲ್ಲುತ್ತದೆ, ಮೇಷ್ಟ್ರು ಬೇರೆ ಮಗುವಿನ ಮನೆಗೆ ಹೋಗಬೇಕು. ಅದು ನಿಯಮ. ಟೈಲರು ಇದನ್ನು ಅಂಗಡಿಯಲ್ಲಿ ಹೇಳಿಕೊಂಡು ಅತ್ತಿದ್ದ, ಹುಡುಗಿಗೆ ಮಾತ್ರ ಹೇಳಿರಲಿಲ್ಲ.

"ನೀನೂ ಸರಿ ಕಣಯ್ಯಾ," ಎಂದರು ಅಂಗಡಿಯ ಕಟಿಂಗ್ ಮಾಸ್ಟರು. "ಲೆಕ್ಕ ಒಂಚೂರು ತಪ್ಪು ಹೇಳ್ಕೊಟ್ಟಿದ್ರೆ ಇನ್ನೊಂದು ವರ್ಷ ಮಗು ನಿನ್ ಹತ್ರಾನೇ ಇರ್ತಿತ್ತು."

"ಥೂ! ನಿಮ್ ಬಾಯಲ್ಲಿ ಒಳ್ಳೇದು ಬರಲ್ವಾ ಮಾಸ್ಟ್ರೇ? ಅವಳು ಎಷ್ಟು ದಿನ ಅಂತ ಆ ಪುಟ್ಟ ಬೆಂಚಲ್ಲಿ ಮುದುರ್ಕೊಂಡು ಕೂರ್ಬೇಕು? ನಂದೇನು, ಹೇಗೋ ಆಗುತ್ತೆ," ಎನ್ನುತ್ತ ಟೈಲರು ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಅವನು ಮರೆತಿದ್ದ ಇಸ್ತ್ರಿಪೆಟ್ಟಿಗೆಯ ಕೆಳಗಿಂದ ಹೊಗೆ ಬಂತು. ಗಿರಾಕಿಯ ಕೋಟಿನ ಬೆನ್ನಿಗೆ ಅಂಗೈಯಗಲದ ತೂತು!

"ಇದನ್ನ ಸರಿ ಮಾಡ್ದೆ ಹೊಸ್ಲು ದಾಟಿದ್ರೆ ನೋಡು!" ಎಂದು ಮಾಸ್ಟರು ಗುಡುಗಿದರು.

"ನೀನು ಕೋಟು ನೋಡ್ಕೊಳ್ಳೋ. ಮಗೂನ ಪರೀಕ್ಷೆಗೆ ನಾನು ಕರ್ಕೊಂಡ್ಹೋಗ್ತೀನಿ," ಎಂದು ಕಾಜಾ ಅಕ್ಕ ಚಪ್ಪಲಿ ಮೆಟ್ಟಿಯೇ ಬಿಟ್ಟಳು.

ತೇಪೆ ಹಾಕಿ, ಏದುಸಿರು ಬಿಡುತ್ತ ಟೈಲರು ಇಲಾಖೆಯ ಕಚೇರಿಗೆ ಓಡಿಬರುವಾಗ ಪರೀಕ್ಷೆ ಮುಗಿದಿತ್ತು. ಹುಡುಗಿ ನೆಲ ನೋಡುತ್ತ ಕೂತಿದ್ದಳು. ಅಧಿಕಾರಿ ಮೇಡಂ ಹಾಳೆಯನ್ನು ಮುಂದೆ ನೂಕಿದರು.

"ಇಪ್ಪತ್ತಕ್ಕೆ ಸೊನ್ನೆ. ಏನ್ರೀ ಹೇಳ್ಕೊಟ್ರಿ ಒಂದು ವರ್ಷ?"

ಟೈಲರು ಹಾಳೆ ನೋಡಿದ. ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ, ಒಂದಕ್ಕೆ ಗುರುತು ಹಾಕಬೇಕು. ಕಣ್ಣು ಮುಚ್ಚಿ ಹಾಕಿದರೂ ನಾಲ್ಕೈದು ಸರಿಯಾಗುತ್ತವೆ. ಇಪ್ಪತ್ತೂ ತಪ್ಪಾಗಬೇಕಾದರೆ ಇಪ್ಪತ್ತೂ ಗೊತ್ತಿರಬೇಕು. ಅವನು ಕಾಜಾ ಅಕ್ಕನ ಕಡೆ ತಿರುಗಿದ.

"ನಾನೇನೂ ಅನ್ಲಿಲ್ಲಪ್ಪ," ಎಂದಳು ಆಕೆ. "ಪಾಸಾದ್ರೆ ಮಾಮ ಇನ್ಮುಂದೆ ಬರಲ್ಲ, ಇವತ್ತೇ ಚೆನ್ನಾಗಿ ಮಾತಾಡಿಸ್ಕೋ ಅಂದೆ, ಅಷ್ಟೇ."

ಟೈಲರು ಹುಡುಗಿಯ ಕಡೆ ನೋಡಿದ. ತನಗಾಗಿ ಯಾರೂ ಇದುವರೆಗೆ ಇಷ್ಟೊಂದು ಕಳೆದುಕೊಂಡಿರಲಿಲ್ಲ. ಸುಮ್ಮನಿದ್ದರೆ ಇನ್ನೊಂದು ವರ್ಷ ಇವಳು ತನ್ನವಳು. ಸುಮ್ಮನಿರಲು ಅವನಿಗೆ ಆಸೆಯೂ ಆಯಿತು, ಸುಳ್ಳೇಕೆ.

"ಮೇಡಂ, ಅವಳಿಗೆ ಎಲ್ಲಾ ಬರುತ್ತೆ. ಬೇಕಂತ ತಪ್ಪು ಬರ್ದಿದಾಳೆ," ಎಂದ.

"ಹಾಗಾದ್ರೆ ಬಾಯಲ್ಲಿ ಹೇಳ್ಲಿ. ಅರ್ಧಕ್ಕೆ ಕಾಲು ಸೇರಿದ್ರೆ ಎಷ್ಟಮ್ಮಾ?"

"ನಂಗೊತ್ತಿಲ್ಲ," ಎಂದಳು ಹುಡುಗಿ. ಅವಳ ಹಟ ಟೈಲರಿಗೆ ಗೊತ್ತು, ಗೋಗರೆದರೆ ಬಗ್ಗುವುದಲ್ಲ. ಅವನು ಎದೆಯುಬ್ಬಿಸಿ ನಿಂತ.

"ಅಷ್ಟೂ ಗೊತ್ತಿಲ್ವೇನೇ? ಅರ್ಧಕ್ಕೆ ಕಾಲು ಸೇರಿದ್ರೆ ಒಂದು!"

ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. ಹುಡುಗಿಯ ಕಿವಿ ಕೆಂಪಾಯಿತು.

"ಮಾಮ, ಮುಕ್ಕಾಲು!" ಎಂದು ಪಿಸುಗುಟ್ಟಿದಳು.

"ನೂರರಲ್ಲಿ ಕಾಲುಭಾಗ ಅಂದ್ರೆ ನಲವತ್ತು!"

"ಇಪ್ಪತ್ತೈದು ಮಾಮ!"

ಟೈಲರು ಬಿಡಲಿಲ್ಲ. ಹಾಳೆಯಲ್ಲಿದ್ದ ಪ್ರಶ್ನೆಗಳಿಗೆಲ್ಲ ಒಂದೊಂದಾಗಿ, ಗಟ್ಟಿಯಾಗಿ, ತಪ್ಪು ಉತ್ತರ ಹೇಳಿದ. ಪರರ ಮುಂದೆ ಮಾಮನ ಮರ್ಯಾದೆ ಹೋಗುವುದನ್ನು ಆ ಮಗುವಿಗೆ ನೋಡಲಾಗಲಿಲ್ಲ. ಇಪ್ಪತ್ತನ್ನೂ ತಿದ್ದಿದಳು. ಆಮೇಲೆ ಏನು ಮಾಡಿಬಿಟ್ಟೆನೆಂದು ಹೊಳೆದು, ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು.

"ಇಪ್ಪತ್ತಕ್ಕೆ ಇಪ್ಪತ್ತು. ಪಾಸು," ಎಂದು ಮೇಡಂ ಬರೆದರು.

ಟೈಲರು ಅವಳ ತಲೆ ನೇವರಿಸಿದ. ಅಳು ಬರುತ್ತಿದ್ದರೂ ತಡೆದುಕೊಂಡು, "ಮುಂದೆ ಯಾವ ಮಗು ಹತ್ರ ಹೋಗ್ಲಿ ಮೇಡಂ?" ಎಂದು ಕೇಳಿದ.

"ಯಾವ ಮಗುವಿನ ಹತ್ರಾನೂ ಬೇಡ. ಒಂದು ಲೆಕ್ಕಾನೂ ಬರದೋರನ್ನ ಮಕ್ಕಳ ಮೇಲೆ ಹೇಗ್ರೀ ಬಿಡೋದು? ಪಾಪ, ಈ ಮಗು ಒಬ್ಬಳೇ ಕಲ್ತಿದಾಳೆ."

"ಇಲ್ಲ ಮೇಡಂ! ಮಾಮಂಗೆ ಎಲ್ಲಾ ಬರುತ್ತೆ. ಬೇಕಂತ ತಪ್ಪು ಹೇಳಿದ್ರು!" ಎಂದು ಹುಡುಗಿ ಕೂಗಿದಳು.

"ಒಬ್ಬರನ್ನ ಒಬ್ಬರು ಬಿಟ್ಟುಕೊಡಲ್ಲ ಬಿಡಿ ನೀವು," ಎಂದರು ಮೇಡಂ.

"ನಿಜವಾಗ್ಲೂ ಮೇಡಂ," ಎಂದು ಟೈಲರು ಕೈ ಮುಗಿದ. "ಅರ್ಧಕ್ಕೆ ಕಾಲು ಸೇರಿದ್ರೆ ಮುಕ್ಕಾಲು. ನಂಗೆ ಗೊತ್ತು."

"ಮಗು ಅಷ್ಟು ಚೆನ್ನಾಗಿ ಹೇಳ್ಕೊಟ್ಟ ಮೇಲೆ ಗೊತ್ತಾಗ್ದೇ ಇರುತ್ತೇನ್ರೀ?" ಎನ್ನುತ್ತ ಮೇಡಂ ಅವನ ಹೆಸರಿನ ಮೇಲೆ ಗೀಟು ಎಳೆದರು.